ಓವನ್ ಸಾಲ್ತಿಲ್ಲ ಅಂದುಕೊಂಡಿದ್ದೆ

ತುಮಕೂರಿನ ಗುಬ್ಬಿ ಗೇಟ್ ಕಡೆ ನಮ್ಮದೊಂದು ಸಣ್ಣ ಬೇಕರಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಕೌಂಟರ್ ವ್ಯಾಪಾರಕ್ಕಿಂತ ಟೀ ಅಂಗಡಿ, ಚಿಲ್ಲರೆ ಅಂಗಡಿಗಳಿಗೆ ಹಾಕೋ ಬನ್ನು, ಖಾರಾ ಬಿಸ್ಕೆಟ್ಟೇ ಜಾಸ್ತಿ. ಎರಡು ವರ್ಷದ ಹಿಂದೆ ರಾತ್ರಿಯ ಮಾಲು ಸಾಲದೆ ದಿನಾ ಜಗಳ. ಮಾಸ್ಟರ್ ಅಪ್ಪನ ಕಾಲದವರು, ಅವರದು ಒಂದೇ ಮಾತು: "ಓವನ್ ಸಾಲ್ತಿಲ್ಲ ಸ್ವಾಮಿ, ಇನ್ನೊಂದು ತಂದುಬಿಡಿ." ನನಗೂ ಹಾಗೇ ಕಾಣುತ್ತಿತ್ತು. ರಾತ್ರಿ ಒಂದು ಗಂಟೆಗೆ ಹೋಗಿ ನೋಡಿದರೆ ಓವನ್ ಮುಂದೆ ಟ್ರೇಗಳು ಸಾಲಾಗಿ ಕಾಯುತ್ತಾ ನಿಂತಿರುತ್ತಿದ್ದವು. ಸುಮಾರು ಎರಡು ಲಕ್ಷದ ಕೊಟೇಶನ್ ತರಿಸಿ, ಸಾಲದ ಅರ್ಜಿಯನ್ನೂ ತುಂಬಿಟ್ಟಿದ್ದೆ.

ಅದೇ ಹೊತ್ತಿಗೆ ನಾನು ದೂರಶಿಕ್ಷಣದಲ್ಲಿ ಎಂಬಿಎ ಓದುತ್ತಿದ್ದೆ. ಆಪರೇಷನ್ಸ್ ರಿಸರ್ಚ್ ಅಂತ ಒಂದು ಪೇಪರ್ ಇತ್ತು, ಇರೋ ಜನ, ಯಂತ್ರ, ಹೊತ್ತನ್ನ ಹೇಗೆ ಚೆನ್ನಾಗಿ ಬಳಸೋದು ಅಂತ ಲೆಕ್ಕ ಹಾಕೋ ವಿಷಯ. ಬಂದ ನೋಟ್ಸ್‌ನಲ್ಲಿ ಎಲ್ಲಾ ಲೆಕ್ಕದಲ್ಲೂ ಯಾವುದೋ ಒಂದು ಕಂಪನಿ ಮೇಜು ಕುರ್ಚಿ ಮಾಡುತ್ತಿರುತ್ತೆ, ಆಮೇಲೆ ಮೂರು ಪುಟ ಸಿಂಪ್ಲೆಕ್ಸ್ ಕೋಷ್ಟಕ. ಒಂದು ಸಾಲಿನಲ್ಲಿ ಕೂಡೋದು ತಪ್ಪಿದರೆ ಮುಗೀತು, ಮೊದಲಿಂದ ಮಾಡಬೇಕು. ನಿಜ ಹೇಳಬೇಕು ಅಂದರೆ ಮೊದಲನೇ ಸಲ ಪುಸ್ತಕ ಮುಚ್ಚಿಟ್ಟೆ. ಆಮೇಲೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸ್‌ನ ಪ್ರೊ. ಜಿ. ಶ್ರೀನಿವಾಸನ್ ಅವರ ಪಾಠಗಳು ಸಿಕ್ಕವು. ಇಂಗ್ಲಿಷೇ ಆದರೂ ನಿಧಾನಕ್ಕೆ, ಬೋರ್ಡ್ ಮೇಲೆ ಬರೆದು ಹೇಳುತ್ತಾರೆ. ಇಡ್ಲಿ ತಿನ್ನುತ್ತಾ ನೋಡಿದರೂ ಅರ್ಥ ಆಗುತ್ತೆ.

ಲೀನಿಯರ್ ಪ್ರೋಗ್ರಾಮಿಂಗ್ ಅಂದ ತಕ್ಷಣ ಕಂಪ್ಯೂಟರ್ ಕೋಡ್ ಬರೀಬೇಕು ಅಂತ ನಾನು ಹೆದರಿದ್ದೆ. ಹಾಗೇನಿಲ್ಲ, ಇರೋ ಮಿತಿಯೊಳಗೆ ಯಾವುದನ್ನ ಎಷ್ಟು ಮಾಡಿದರೆ ಲಾಭ ಜಾಸ್ತಿ ಅಥವಾ ಖರ್ಚು ಕಮ್ಮಿ ಅಂತ ಹುಡುಕೋ ಲೆಕ್ಕ ಅದು, ಸಿಂಪ್ಲೆಕ್ಸ್ ಅದನ್ನ ಬಿಡಿಸೋ ವಿಧಾನ. ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದಾಗ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದರು. ತರಬೇತಿ, ಸಾಮಾನು ಸಾಗಣೆಯ ಯೋಜನೆಗೆ ಅಲ್ಲಿ ಪ್ರೋಗ್ರಾಂ ಅನ್ನುತ್ತಿದ್ದರು, ಹೆಸರು ಬಂದಿದ್ದು ಅಲ್ಲಿಂದ. ಆ ವಿಧಾನವನ್ನ ಮೊದಲು ದೊಡ್ಡದಾಗಿ ಪರೀಕ್ಷೆ ಮಾಡಿದ್ದು ಕಡಿಮೆ ಖರ್ಚಿನ ಊಟದ ಲೆಕ್ಕದ ಮೇಲೆ. 77 ಆಹಾರ, 9 ಪೋಷಕಾಂಶ. ಗುಮಾಸ್ತರು ಕೈ ಯಂತ್ರದಲ್ಲಿ ಕೂಡಿ ಕಳೆದು, ಒಬ್ಬರೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ ಆಯಿತಂತೆ. ಈಗ ಎಕ್ಸೆಲ್‌ನಲ್ಲಿ ಇಂಥ ಲೆಕ್ಕ ಬಿಡಿಸೋಕೇ ಇರೋ ಸಾಲ್ವರ್ ಅದನ್ನ ಕಣ್ಣು ಮಿಟುಕಿಸೋದರಲ್ಲಿ ಮುಗಿಸುತ್ತೆ. ಲಿಬ್ರೆ ಆಫೀಸ್‌ನಲ್ಲೂ ಸಾಲ್ವರ್ ಇದೆ, ದುಡ್ಡು ಕೊಡಬೇಕಿಲ್ಲ.

ಸರಿ, ಸಾಲ್ವರ್ ಇದೆ. ಅದಕ್ಕೆ ಹಾಕೋಕೆ ಅಂಕಿ ಎಲ್ಲಿ? ಒಂದು ಟ್ರೇ ಬನ್ನಿಗೆ ಉಂಡೆ ಕಟ್ಟೋಕೆ ಎಷ್ಟು ನಿಮಿಷ ಬೇಕು ಅಂತ ಮೂವತ್ತು ವರ್ಷದಿಂದ ಬೇಕರಿ ನಡೆಸುತ್ತಿರುವ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಮೊದಲ ರಾತ್ರಿ ಎಲ್ಲರ ಕೈ ಚುರುಕೋ ಚುರುಕು. ಎರಡನೇ ರಾತ್ರಿ ಮಾಸ್ಟರ್‌ಗೆ ರೇಗಿತು: "ನೀವು ಹಿಂಗೆ ಗಡಿಯಾರ ಹಿಡ್ಕೊಂಡು ನಿಂತ್ರೆ ಕೈ ಓಡಲ್ಲ ಸ್ವಾಮಿ, ಹೋಗಿ ಮಲಗಿ." ಸರಿ ಅಂತ ಸ್ಟಾಪ್‌ವಾಚ್ ಬಿಟ್ಟೆ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಟ್ರೇ ಎಷ್ಟು, ಇಷ್ಟನ್ನೇ ಗೋಡೆಗೆ ನೇತು ಹಾಕಿದ ಹಾಳೆಯಲ್ಲಿ ಬರೆಯಿರಿ ಅಂದೆ. ಹತ್ತು ರಾತ್ರಿ ಆದ ಮೇಲೆ ನಂಬೋ ಹಾಗಿನ ಸರಾಸರಿ ಸಿಕ್ಕಿತು.

ಬನ್ನಿಗೆ ಟ್ರೇಗೆ 6 ನಿಮಿಷ ಕೈ ಕೆಲಸ, 15 ನಿಮಿಷ ಓವನ್, 3 ನಿಮಿಷ ಪ್ಯಾಕಿಂಗ್. ಖಾರಾ ಬಿಸ್ಕೆಟ್‌ಗೆ ಲಟ್ಟಿಸಿ ಕತ್ತರಿಸೋಕೆ 9, ಓವನ್ 25, ಪ್ಯಾಕಿಂಗ್ 9. ಸಾಮಾನಿನ ಖರ್ಚು ಕಳೆದು ಬನ್ನಿನ ಟ್ರೇಗೆ 54 ರೂಪಾಯಿ ಉಳಿಯುತ್ತೆ, ಬಿಸ್ಕೆಟ್‌ನ ಟ್ರೇಗೆ 99. ಕೈ ಕೆಲಸಕ್ಕೆ ಇಬ್ಬರು, ತಲಾ ಆರು ಗಂಟೆ, ಅಂದರೆ 720 ನಿಮಿಷ. ಪ್ಯಾಕಿಂಗ್‌ಗೆ ಇಬ್ಬರು, ತಲಾ ನಾಲ್ಕೂವರೆ ಗಂಟೆ, 540 ನಿಮಿಷ. ಓವನ್ ಮೂರು ಡೆಕ್ಕಿನದು, ಒಟ್ಟಿಗೆ ಆರು ಟ್ರೇ ಹಿಡಿಯುತ್ತೆ. ಒಂದು ಟ್ರೇ ಒಂದು ನಿಮಿಷ ಒಳಗಿದ್ದರೆ ಒಂದು ಟ್ರೇ-ನಿಮಿಷ ಅಂತ ಇಟ್ಟುಕೊಂಡರೆ, ಆರು ಗಂಟೆ ಉರಿದರೆ 2160 ಟ್ರೇ-ನಿಮಿಷ.

ಆಗ ನಾವು ಮಾಡುತ್ತಿದ್ದದ್ದು 90 ಟ್ರೇ ಬನ್ನು, 20 ಟ್ರೇ ಬಿಸ್ಕೆಟ್. ರಾತ್ರಿಗೆ 6840 ರೂಪಾಯಿ. ಸಾಲ್ವರ್ ಹೇಳಿದ್ದು 60 ಬನ್ನು, 40 ಬಿಸ್ಕೆಟ್, 7200 ರೂಪಾಯಿ. 360 ರೂಪಾಯಿ ವ್ಯತ್ಯಾಸ, ದೊಡ್ಡದೇನಲ್ಲ. ನನ್ನ ಕಣ್ಣು ನಿಂತದ್ದು ಅದರ ಜೊತೆ ಬಂದ ಸೆನ್ಸಿಟಿವಿಟಿ ರಿಪೋರ್ಟ್ ಮೇಲೆ, ಅಂದರೆ ಅಂಕಿ ಸ್ವಲ್ಪ ಬದಲಾದರೆ ಉತ್ತರ ಏನಾಗುತ್ತೆ ಅಂತ ಹೇಳೋ ಹಾಳೆ. ಅದರಲ್ಲಿ ಶ್ಯಾಡೋ ಪ್ರೈಸ್ ಅಂತ ಒಂದು ಕಾಲಂ ಇರುತ್ತೆ. ಯಾವ ಸೌಕರ್ಯ ಒಂದು ನಿಮಿಷ ಜಾಸ್ತಿ ಸಿಕ್ಕಿದರೆ ನಿಮ್ಮ ಲಾಭ ಎಷ್ಟು ಏರುತ್ತೆ ಅನ್ನೋ ಲೆಕ್ಕ ಅದು. ಕೈ ಕೆಲಸಕ್ಕೆ 7 ರೂಪಾಯಿ, ಪ್ಯಾಕಿಂಗ್‌ಗೆ 4 ರೂಪಾಯಿ. ಓವನ್‌ಗೆ ಸೊನ್ನೆ.

ಸೊನ್ನೆ! 1900 ಟ್ರೇ-ನಿಮಿಷ ಬಳಸಿ ಇನ್ನೂ 260 ಉಳಿದಿತ್ತು. ಎರಡು ಲಕ್ಷ ಸುರಿದು ಇನ್ನೊಂದು ಓವನ್ ತಂದಿದ್ದರೆ ಅದೂ ಖಾಲಿ ನಿಂತಿರೋದು.

ಹಾಗಾದರೆ ರಾತ್ರಿ ಒಂದು ಗಂಟೆಗೆ ಟ್ರೇಗಳು ಯಾಕೆ ಕಾಯುತ್ತವೆ? ಒಂದು ರಾತ್ರಿ ಪೂರ್ತಿ ಕೂತು, ಹದಿನೈದು ನಿಮಿಷಕ್ಕೊಮ್ಮೆ ಓವನ್ ಒಳಗೆ ಎಷ್ಟು ಟ್ರೇ ಇವೆ ಅಂತ ಬರೆದೆ. 11ಕ್ಕೆ ಸೊನ್ನೆ, 11.15ಕ್ಕೆ ಎರಡು, 11.30ಕ್ಕೂ ಎರಡೇ. 1ರಿಂದ 2.30ರ ತನಕ ಆರಕ್ಕೆ ಆರೂ ಭರ್ತಿ, ಹೊರಗೆ ಸಾಲು. 4 ದಾಟಿದ ಮೇಲೆ ಮತ್ತೆ ಮೂರು, ಎರಡು. ಬನ್ನಿನ ಹಿಟ್ಟು ಉಬ್ಬಬೇಕು, ಉಬ್ಬಿದ ಮೇಲೆ ಎಲ್ಲಾ ಒಟ್ಟಿಗೆ ಓವನ್‌ಗೆ ನುಗ್ಗುತ್ತೆ. ಲೀನಿಯರ್ ಪ್ರೋಗ್ರಾಮಿಂಗ್ ಒಟ್ಟು ನಿಮಿಷ ನೋಡುತ್ತೆ, ಯಾವ ಹೊತ್ತಿನ ನಿಮಿಷ ಅಂತ ಕೇಳಲ್ಲ. ಇದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಇತ್ತು, ನಾನು ಓದಿ ಮುಂದೆ ಹೋಗಿದ್ದೆ. ನಮ್ಮ ಖಾರಾ ಬಿಸ್ಕೆಟ್‌ಗೆ ಈಸ್ಟ್ ಇಲ್ಲ, ಉಬ್ಬೋ ಗೋಜಿಲ್ಲ. ಅದನ್ನ ಮೊದಲು ಹಾಕಿ, ಬನ್ನು ಆಮೇಲೆ ಅಂತ ಸರದಿ ಬದಲಿಸಿದೆವು. ಹನ್ನೊಂದರಿಂದಲೇ ಓವನ್ ತುಂಬೋಕೆ ಶುರುವಾಯಿತು. ಬನ್ನು ಬೆಳಗಿನ ಗಾಡಿಗೆ ಇನ್ನೂ ಬಿಸಿ ಇರೋದು ಬೇರೆ ಲಾಭ.

ಕೌಂಟರ್ ಹುಡುಗ ಒಂದು ಗಂಟೆ ಜಾಸ್ತಿ ನಿಂತು ಉಂಡೆ ಕಟ್ಟಿದರೆ ನೂರೈವತ್ತು ಕೊಡ್ತೀನಿ ಅಂದೆ. 60 ನಿಮಿಷಕ್ಕೆ 7ರಂತೆ 420 ಬರಬೇಕು. ಲೆಕ್ಕ ಹಾಕಿದರೆ 80 ಬನ್ನು, 33.33 ಬಿಸ್ಕೆಟ್ ಬಂತು. ಮೂರನೇ ಒಂದು ಟ್ರೇ ಯಾರು ಮಾಡ್ತಾರೆ, 33 ಅಂತ ಇಟ್ಟುಕೊಂಡೆವು. ಆದರೆ ಇದು ಎಷ್ಟು ಬೇಕಾದರೂ ಎಳೆಯೋ ರಬ್ಬರ್ ಅಲ್ಲ. 117 ನಿಮಿಷದವರೆಗೆ ಮಾತ್ರ ಈ 7 ರೂಪಾಯಿ, ಆಮೇಲೆ ಓವನ್ ನಿಜವಾಗಲೂ ಬಿಗಿಯಾಗುತ್ತೆ ಅಂತ ಅದೇ ರಿಪೋರ್ಟಿನ ಪಕ್ಕದ ಕಾಲಂ ಹೇಳುತ್ತೆ. ಅಂದರೆ ಮಾಸ್ಟರ್ ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿದ್ದರು ಅಷ್ಟೇ.

ಕೌಂಟರ್‌ನ ಪಫ್ಸ್ ಲೆಕ್ಕ ಇನ್ನೂ ಸುಲಭ. ಒಂದಕ್ಕೆ ಖರ್ಚು 10, ಮಾರೋದು 18. ಉಳಿದರೆ 10 ಹೋಯಿತು, ಸಾಲದಿದ್ದರೆ 8 ಕೈತಪ್ಪಿತು. 8ನ್ನ 18ರಿಂದ ಭಾಗಿಸಿದರೆ 0.44. ಉಳಿದರೆ ನಾಳೆಗೆ ಬಾರದ ಮಾಲಿನ ಲೆಕ್ಕ, ಅದಕ್ಕೇ ಪೇಪರ್ ಮಾರೋನ ಲೆಕ್ಕ ಅಂತಾರೆ ಇದನ್ನ. 45 ದಿನದ ಮಾರಾಟವನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ 20ನೇ ಅಂಕಿ (45ರಲ್ಲಿ 0.44 ಪಾಲು) ನೋಡಿದರೆ ಸಾಕು, ಅಷ್ಟು ಮಾಡಬೇಕು. ನಾನು ಎಡವಿದ್ದು ಎಲ್ಲಿ ಅಂದರೆ, ಸಂಜೆ ಆರಕ್ಕೇ ಖಾಲಿಯಾದ ದಿನ ಪುಸ್ತಕದಲ್ಲಿ 60 ಅಂತ ಇರುತ್ತೆ, ಆದರೆ ಕೇಳಿದವರು 75 ಇರಬಹುದು. ಮಾರಿದ್ದನ್ನೇ ಬೇಡಿಕೆ ಅಂದುಕೊಂಡರೆ ದಿನದಿಂದ ದಿನಕ್ಕೆ ಕಮ್ಮಿ ಮಾಡುತ್ತಾ ಹೋಗ್ತೀವಿ. ಈಗ ಪಫ್ಸ್ ಕೇಳಿ ವಾಪಸ್ ಹೋದವರಿಗೆ ಕ್ಯಾಲೆಂಡರ್ ಮೇಲೆ ಒಂದೊಂದು ಗೆರೆ ಎಳೆಯೋದು ಹುಡುಗನ ಕೆಲಸ.

ಮೈದಾ ಎಷ್ಟೆಷ್ಟು ತರಿಸಬೇಕು ಅನ್ನೋದಕ್ಕೆ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರ ಹಾಕಿದೆ, ತರಿಸೋ ಖರ್ಚು, ಇಟ್ಟುಕೊಳ್ಳೋ ಖರ್ಚು ಎರಡೂ ಸೇರಿ ಎಷ್ಟಕ್ಕೆ ಕಮ್ಮಿ ಅಂತ ಅದು ಹೇಳುತ್ತೆ. ವರ್ಷಕ್ಕೆ 720 ಮೂಟೆ, ಒಂದು ಸಲ ತರಿಸೋಕೆ ಆಟೋ, ಹಮಾಲಿ ಸೇರಿ 400, ಒಂದು ಮೂಟೆ ವರ್ಷ ಇಟ್ಟುಕೊಂಡರೆ 360. ಬಂದಿದ್ದು ಒಂದು ಸಲಕ್ಕೆ 40 ಮೂಟೆ. ನಮ್ಮಲ್ಲಿ ಜಾಗ ಇರೋದು 25ಕ್ಕೆ. ಗೋಡೆ ಒಡೆಯೋಣ ಅನ್ನೋ ಮುಂಚೆ 25ರ ಖರ್ಚು ನೋಡಿದೆ, ವರ್ಷಕ್ಕೆ 1620 ರೂಪಾಯಿ ಜಾಸ್ತಿ ಅಷ್ಟೇ. ಮಳೆಗಾಲದಲ್ಲಿ ಹುಳ ಬೀಳೋ ಮೈದಾಗೆ ಗೋಡೆ ಯಾಕೆ, ಬಿಟ್ಟೆ.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಬಂದಾಗ ನನ್ನ ಶೀಟ್ 80 ಟ್ರೇ ಬನ್ನು ಅಂದಿತು, ಮಾಸ್ಟರ್ ಇನ್ನಿಬ್ಬರನ್ನ ಕರೆಸಿ 110 ಹಾಕಿದರು. ಎಲ್ಲಾ ಖರ್ಚಾಯಿತು. ನನ್ನ ಹತ್ತು ರಾತ್ರಿಯ ಹಾಳೆಯಲ್ಲಿ ಜಾತ್ರೆ ಇರಲಿಲ್ಲ.

ಈಗ ಗಾಡಿಯ ದಾರಿಗೆ ಕೈ ಹಾಕಿದ್ದೇನೆ. 14 ಅಂಗಡಿ. ಯಾವುದರಿಂದ ಯಾವುದಕ್ಕೆ ಅಂತ ಜೋಡಿಸೋಕೆ 8,717 ಕೋಟಿಗೂ ಮಿಕ್ಕಿ ದಾರಿ ಇವೆ. ಆದರೆ ಡ್ರೈವರ್ ಅಣ್ಣ ಏಳು ಗಂಟೆಗೆ ಸರಿಯಾಗಿ ಕ್ಯಾತ್ಸಂದ್ರದಲ್ಲಿ ಇರಲೇಬೇಕು, ತಟ್ಟೆ ಇಡ್ಲಿಗೆ. ಎಷ್ಟು ಹೇಳಿದರೂ ಕೇಳಲ್ಲ. ಸುಮ್ನೆ ಅದನ್ನೂ ಒಂದು ಷರತ್ತು ಅಂತ ಶೀಟಿಗೆ ಸೇರಿಸಿದ್ದೇನೆ.