ಹಂಚಿನ ಮಾಡು ತೊಳೆಯುವ 12 ವೋಲ್ಟ್ ಪಂಪ್: ಮೇಲೆ ಹೋದರೆ ಒತ್ತಡವಿಲ್ಲ

ಉಡುಪಿಯ ಮಳೆಗಾಲ ಕಳೆದರೆ ಹಂಚಿನ ಮೇಲೆ ಪಾಚಿ. ಬ್ಲೀಚ್ ದ್ರಾವಣ ಸಿಂಪಡಿಸುವ 12 ವೋಲ್ಟಿನ ಡಯಾಫ್ರಮ್ ಪಂಪ್, ಬ್ಯಾಟರಿಯ ಪಕ್ಕ ಇಟ್ಟರೆ ಸರಿ. ಬ್ಯಾಟರಿ ಕೆಳಗೇ ಬಿಟ್ಟು, ಉದ್ದ ವಯರು ಎಳೆದು ಪಂಪ್ ಮಾಡಿಗೆ ಕೊಂಡೊಯ್ದರೆ ಸದ್ದು ಕುಗ್ಗಿ ನೀರು ಎರಡಡಿಗೇ ಬೀಳುತ್ತಿತ್ತು.

ನಾಝಲ್ ಬದಲಿಸಿದೆ, ಫಿಲ್ಟರ್ ತೊಳೆದೆ, ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಮಾಡಿದೆ. ಪ್ರಯೋಜನವಿಲ್ಲ. ಒತ್ತಡ ಏರಿದಾಗ ಪಂಪ್ ನಿಲ್ಲಿಸುವ ಪ್ರೆಶರ್ ಸ್ವಿಚ್‌ನ ಸ್ಕ್ರೂ ತಿರುಗಿಸಿದ್ದು ತಪ್ಪು, ಅದನ್ನು ಮುಟ್ಟಬೇಡಿ.

ದೋಷ ಸಿಕ್ಕಿದ್ದು ಮಲ್ಟಿಮೀಟರಿನಿಂದ (ವೋಲ್ಟ್ ಅಳೆಯುವ ಮೀಟರ್). ಟ್ರಿಗರ್ ಒತ್ತಿ ನೀರು ಹಾರುತ್ತಿರುವಾಗಲೇ ಅಳೆಯಬೇಕು, ಪಂಪ್ ನಿಂತಿದ್ದರೆ ಬ್ಯಾಟರಿ, ಪಂಪ್ ಎರಡೂ ಕಡೆ ಒಂದೇ ತೋರಿಸುತ್ತದೆ. ಬ್ಯಾಟರಿಯಲ್ಲಿ 12.5, ಪಂಪಿನಲ್ಲಿ 9.8 ವೋಲ್ಟ್. ವಯರು 1 ಚದರ ಮಿ.ಮೀ., ಉದ್ದ 15 ಮೀಟರ್. ಹೋಗಿ ಬರುವಾಗ 30. ಪಂಪ್ 5 ಆಂಪಿಯರ್ ಎಳೆದಾಗ ಸುಮಾರು 2.7 ವೋಲ್ಟ್ ವಯರಿನಲ್ಲೇ ಹೋಗುತ್ತದೆ.

ಪರಿಹಾರ: ಪಂಪ್, ಬ್ಯಾಟರಿ, ದ್ರಾವಣದ ಡ್ರಮ್ ಮೂರೂ ಅಂಗಳದಲ್ಲೇ ಇರಲಿ, ಮೇಲೆ ಹೋಗುವುದು ಪೈಪು ಮಾತ್ರ. 6 ಮೀಟರ್ ಎತ್ತರಕ್ಕೆ ಒತ್ತಡದ ನಷ್ಟ 0.6 ಬಾರ್ ಅಷ್ಟೆ. ಬ್ಯಾಟರಿಯಿಂದ ಪಂಪಿಗೆ 4 ಚದರ ಮಿ.ಮೀ. ತಾಮ್ರದ ವಯರು, 2 ಮೀಟರ್. ತುದಿಗೆ ಲಗ್ (ಲೋಹದ ಕೊಂಡಿ) ಒತ್ತಿ ಕೂರಿಸಿ, ಸುತ್ತಿ ಬಿಡಬೇಡಿ. ಪಾಸಿಟಿವ್ ವಯರಿಗೆ ಬ್ಯಾಟರಿಯ ಹತ್ತಿರವೇ 10 ಆಂಪಿಯರ್ ಫ್ಯೂಸ್. ಈಗ ಪಂಪಿನಲ್ಲಿ 12.4.

ಕೆಲಸ ಮುಗಿದ ಕೂಡಲೇ ಬಾವಿನೀರು 10 ನಿಮಿಷ ಹಾಯಿಸಿ. ಬ್ಲೀಚ್ ಒಳಗೆ ನಿಂತರೆ ವಾಲ್ವಿನ ರಬ್ಬರ್ ಹಾಳಾಗಬಹುದು.