ಅಡಿಕೆ ಸಿಪ್ಪೆ ಗೊಬ್ಬರ: ಪುಡಿ ಪ್ಯಾಕೆಟ್‌ನಿಂದ ಆಗದ್ದು ಕೋಳಿ ಗೊಬ್ಬರದಿಂದ ಆಯ್ತು

ಚನ್ನಗಿರಿ ಕಡೆ ಅಡಿಕೆ ಸುಗ್ಗಿ ಶುರುವಾದರೆ ಖೇಣಿ ಮನೆಗಳ (ಫಸಲು ಗುತ್ತಿಗೆ ಹಿಡಿದು ಅಡಿಕೆ ಸುಲಿಯುವವರ) ಸಿಪ್ಪೆ ರಸ್ತೆ ಬದಿಗೆ ಬಂದು ಬೀಳುತ್ತದೆ. ಯಾರೋ ಬೆಂಕಿ ಇಡುತ್ತಾರೆ, ದಿನಗಟ್ಟಲೆ ಹೊಗೆ. ಸುಮ್ನೆ ಸುಡೋ ಬದಲು ನಮ್ಮ ತೋಟದ ಹಿಂದೆ ಸುರಿಯಿರಿ ಅಂದೆ. ಮೊದಲ ವರ್ಷವೇ 20 ಟ್ರ್ಯಾಕ್ಟರ್ ಲೋಡು ಬಂತು!

ಅಂಗಡಿಯವರು ಕೊಟ್ಟ, ಕೊಳೆಸುವ ಜೀವಿಗಳಿರುವ ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿ ಚಿಮುಕಿಸಿದೆ. ಆರು ತಿಂಗಳು ಬಿಟ್ಟು ಅಗೆದರೆ ಬಣ್ಣ ಮಾತ್ರ ಕಪ್ಪು, ನಾರು ಹಾಗೇ ಗಟ್ಟಿ. ಮಳೆಗಾಲದಲ್ಲೂ ಒಂದು ಗೇಣು ಕೆಳಗೆ ಒಣಕಲು.

ಸಿಪ್ಪೆಯಲ್ಲಿ ಲಿಗ್ನಿನ್ (ನಾರನ್ನು ಗಟ್ಟಿ ಮಾಡುವ, ಬೇಗ ಕೊಳೆಯದ ಅಂಶ) ಜಾಸ್ತಿ, ಸಾರಜನಕ ತೀರಾ ಕಡಿಮೆ. ಕೊಳೆಸುವ ಜೀವಿಗಳಿಗೆ 25–30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರಬೇಕು. ಅದಿಲ್ಲದೆ ಪುಡಿ ಎರಚಿದ್ದು, ಅಡುಗೆ ಮಾಡದೆ ನೆಂಟರನ್ನು ಕರೆದ ಹಾಗಾಯ್ತು. ಮೇಲಾಗಿ ಸಿಪ್ಪೆ ಪೊಳ್ಳು. ನೀರು ಸೋರಿ ಹೋಗುತ್ತದೆ, ಶಾಖ ನಿಲ್ಲಲ್ಲ.

ಮರುವರ್ಷ ಸಿಪ್ಪೆಯನ್ನು ಮೊದಲು ಮೂರು ದಿನ ನೆನೆಸಿದೆ. ಆಮೇಲೆ ಒಂದು ಪದರ ಸಿಪ್ಪೆ, ಅದರ ಮೇಲೆ ಕೋಳಿ ಗೊಬ್ಬರ, ಗ್ಲಿರಿಸಿಡಿಯಾ ಸೊಪ್ಪು, ಸಗಣಿ ಬಗ್ಗಡ. ಎಂಟು ಅಡಿ ಅಗಲ, ಐದು ಅಡಿ ಎತ್ತರದ ಉದ್ದನೆ ರಾಶಿ. ಆಸೆಗೆ ಬಿದ್ದು ಒಂದು ತುದಿಗೆ ಕೋಳಿ ಗೊಬ್ಬರ ಜಾಸ್ತಿ ಸುರಿದಿದ್ದೆ. ನಾಲ್ಕನೇ ದಿನ ಹತ್ತಿರ ಹೋದರೆ ಕಣ್ಣಲ್ಲಿ ನೀರು, ಅಂಥಾ ಘಾಟು. ಅದು ಅಮೋನಿಯಾ. ಅಂದರೆ ನಾನು ದುಡ್ಡು ಕೊಟ್ಟು ತಂದ ಸಾರಜನಕ ಗಾಳಿಗೆ ಹೋಗ್ತಾ ಇತ್ತು! ಆ ತುದಿಯನ್ನು ಜೆಸಿಬಿಯಲ್ಲಿ ಬಿಚ್ಚಿ ಇನ್ನೂ ಎರಡು ಲೋಡು ಸಿಪ್ಪೆ ಬೆರೆಸಿದ ಮೇಲೆ ಘಾಟು ಇಳಿಯಿತು.

ಥರ್ಮಾಮೀಟರ್ ಆಮೇಲೆ ತಂದೆ. ಅಲ್ಲಿವರೆಗೆ ಒಂದು ಕಬ್ಬಿಣದ ಸರಳು. ರಾಶಿಯ ನಡುವಿಗೆ ಚುಚ್ಚಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಎಳೆದು ಹಿಡಿಯೋದು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸರಿ. ಥರ್ಮಾಮೀಟರ್ ಇಟ್ಟಾಗ 60 ಡಿಗ್ರಿ ತೋರಿಸಿತು. ಬಿಸಿ ಇಳಿದಾಗೆಲ್ಲ ಮಗುಚಿದೆ. ತೇವ ನೋಡೋಕೆ ಮುಷ್ಟಿ ಸಾಕು. ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು.

ಐದು ತಿಂಗಳಿಗೆ ಜರಡಿ ಹಿಡಿದೆ. ಕೆಳಗೆ ಬಿದ್ದದ್ದು ಮಣ್ಣಿನ ವಾಸನೆಯ ಕಪ್ಪು ಗೊಬ್ಬರ, ತೋಟಕ್ಕೆ ಹೋಯಿತು. ಮೇಲೆ ಉಳಿದ ಅರೆಬೆಂದ ನಾರನ್ನು ಎಸೆಯೋಕೆ ಹೋಗಬೇಡಿ. ಜೀವಿಗಳು ಅದರಲ್ಲೇ ಹತ್ತಿಕೊಂಡಿರುತ್ತವೆ. ಈ ಸಲದ ರಾಶಿಗೆ ಅದನ್ನೇ ಹೆಪ್ಪಿನ ಹಾಗೆ ಬೆರೆಸಿದ್ದೇನೆ. ಪುಡಿ ತಂದಿಲ್ಲ.