ಹಿತ್ತಲ ಹಣ್ಣಿನ ಗಿಡ, ಜೇನು ಮತ್ತು ಕಣಜ: ನನ್ನ ಅನುಭವ

ಹಿತ್ತಲಲ್ಲಿ ಹಣ್ಣಿನ ಗಿಡ ಇದ್ದರೆ ಜೇನು, ಕಣಜ ಬಂದೇ ಬರುತ್ತವೆ. ಓಡಿಸೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಓಡಿಸಬೇಕಾದ್ದು ತೀರಾ ಕಡಿಮೆ, ಗೂಡು ಎಲ್ಲಿ ಕಟ್ಟಿದೆ ಅಂತ ನೋಡಿಕೊಂಡರೆ ಸಾಕು ಅನ್ನೋದು ನನ್ನ ಲೆಕ್ಕ. ಶಿರಸಿ ಸೀಮೆಯ ನಮ್ಮ ಮನೆ ಹಿಂದೆ ಪೇರಲೆ, ಪನ್ನೇರಳೆ, ಚಿಕ್ಕು, ನಿಂಬೆ, ಮಾವು ಇವೆ. ಜೊತೆಗೆ ಒಂದು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಪೆಟ್ಟಿಗೆ. ಕೊಟ್ಟಿಗೆ ಗೋಡೆಯ ಸಂದಿಯಲ್ಲಿ ಮಿಸರಿ, ಅಂದರೆ ಚುಚ್ಚದ ಪುಟ್ಟ ಜೇನು, ತಾನೇ ಬಂದು ಸೇರಿಕೊಂಡಿದೆ.

"ನಿಮ್ಮ ಜೇನು ನಮ್ಮ ಪೇರಲೆ ತಿಂತು ಮಾರಾಯ್ರೆ" ಅಂತ ಪಕ್ಕದ ಮನೆಯವರ ದೂರು. ಜೇನಿನ ಬಾಯಿಗೆ ಪೇರಲೆ ಸಿಪ್ಪೆ ಹರಿಯೋ ಬಲ ಇಲ್ಲ. ಗಿಳಿ, ಅಳಿಲು, ಬಾವಲಿ ಕಚ್ಚಿದ ಜಾಗಕ್ಕೆ ಅದು ರಸ ಹೀರಲು ಬರುತ್ತದೆ, ಅಷ್ಟೇ. ಕಣಜದ ದವಡೆ ಗಟ್ಟಿ. ಬಿರುಕು ಸಿಕ್ಕರೆ ಅದನ್ನು ದೊಡ್ಡದು ಮಾಡುತ್ತದೆ. ಆದರೆ ಹಣ್ಣು ನಿಜವಾಗಿ ಹಾಳು ಮಾಡೋದು ಹಣ್ಣು ನೊಣ. ಕೆಟ್ಟ ಪೇರಲೆ ಬಿಡಿಸಿ, ಒಳಗಿನ ಬಿಳಿ ಹುಳವನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ. ಬಿಲ್ಲಿನಂತೆ ಬಾಗಿ ಟಪ್ಪಂತ ಚಿಮ್ಮುತ್ತದೆ. ಅದು ನೊಣದ ಮರಿ.

ಹಾಗಾಗಿ ನನ್ನ ಮೊದಲ ಕೆಲಸ ಬೆಳಿಗ್ಗೆ ಎದ್ದು ಬಿದ್ದ ಹಣ್ಣು ಹೆಕ್ಕೋದು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಿಸಿಲಿಗೆ ಇಡುತ್ತೇನೆ. ಒಳಗಿನ ಹುಳ ಅಲ್ಲೇ ಸಾಯುತ್ತವೆ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಾಗದದ ಚೀಲ ಕಟ್ಟುತ್ತೇನೆ. ವಾಸನೆಯಿಂದ ಹಣ್ಣು ನೊಣವನ್ನು ಸೆಳೆಯೋ ಮೀಥೈಲ್ ಯೂಜಿನಾಲ್ ಬಲೆಯನ್ನೂ ತೂಗುಹಾಕಿದ್ದೇನೆ. ಅದಕ್ಕೆ ಬೀಳೋದು ಗಂಡು ನೊಣ ಮಾತ್ರ, ಅದರೊಂದನ್ನೇ ನಂಬಿ ಕೂರಬೇಡಿ. ಕೊಳೆತ ಹಣ್ಣು ಇಲ್ಲದಿದ್ದರೆ ಅರ್ಧ ಕಣಜ ತಾನಾಗೇ ಕಡಿಮೆ.

ಉಳಿದ ಕಣಜ ಇರಲಿ. ನಿಂಬೆ ಗಿಡದ ಎಲೆ ತಿನ್ನೋ ಚಿಟ್ಟೆಯ ಮರಿಹುಳುವನ್ನು ಕಾಗದದ ಗೂಡಿನ ಸಣ್ಣ ಕಣಜ ಹಿಡಿಯೋದನ್ನು ನಾನು ನಿಂತು ನೋಡಿದ್ದೇನೆ. ಹಿಡಿದು, ಅಗಿದಗಿದು ಹಸಿರು ಉಂಡೆ ಮಾಡಿ, ಮರಿಗಳಿಗೆ ಅಂತ ಹೊತ್ತೊಯ್ಯುತ್ತದೆ. ಇಂಥ ಒಂದು ಕಣಜದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಟ್ಟಲೆ ಸಂಶೋಧನೆ ಮಾಡಿದ್ದಾರೆ. ಅದರ ರಾಣಿ ಬಹಳ ಸಾಧುವಂತೆ. ಗೂಡಿಗೆ ಕೈ ತಾಗಿದರೆ ಆ ಸಾಧುತನ ನಮ್ಮ ಪಾಲಿಗಿಲ್ಲ, ಅದು ಬೇರೆ ಮಾತು.

ತಲೆಗಿಂತ ಎತ್ತರದಲ್ಲಿ, ಓಡಾಡೋ ದಾರಿಯಿಂದ ದೂರ ಇದ್ದರೆ ಗೂಡಿನ ತಂಟೆಗೆ ಹೋಗೋದಿಲ್ಲ. ಕೈ ಹಾಕೋ ಕೊಂಬೆಯಲ್ಲಿದ್ದರೆ ಐದಾರು ಕೋಣೆ ಆಗಿರುವಾಗಲೇ ತೆಗೆಯಬೇಕು. ತಾಯಿ ಹುಳು ಹೊರಗೆ ಹೋದ ಹೊತ್ತು ನೋಡಿ ಉದ್ದ ಕೋಲಿನಿಂದ ಬೀಳಿಸುತ್ತೇನೆ. ದೊಡ್ಡ ಕಣಜದ ಚೆಂಡಿನಂಥ ಗೂಡಿಗೆ ಮಾತ್ರ ನಾನು ಕೈ ಹಾಕೋನಲ್ಲ. ಸುತ್ತ ಹಗ್ಗ ಕಟ್ಟಿ, ಗೊತ್ತಿದ್ದವರನ್ನು ಕರೆಸುತ್ತೇನೆ. ಸುಮ್ನೆ ಸೀಮೆಎಣ್ಣೆ ಪಂಜು ಹಿಡಿದು ಹೋಗೋದು ಶೌರ್ಯ ಅಲ್ಲ.

ಈ ದೊಡ್ಡ ಕಣಜ ತುಡುವೆ ಪೆಟ್ಟಿಗೆಯ ಬಾಗಿಲಲ್ಲೇ ಕಾದು ಜೇನು ಹಿಡಿಯುತ್ತದೆ. ಬಾಗಿಲು ಸಣ್ಣದು ಮಾಡಿ, ಅಡಿಕೆ ಹಾಳೆಯ ತುಂಡು ಹಿಡಿದು ಪಕ್ಕದಲ್ಲಿ ನಿಂತುಬಿಡುತ್ತೇನೆ. ಒಂದೇ ಏಟು! ತುಡುವೆಯೂ ಸುಮ್ಮನಿರೋದಿಲ್ಲ. ಗುಂಪಾಗಿ ಕಣಜವನ್ನು ಮುತ್ತಿ, ಮೈ ಬಿಸಿ ಏರಿಸಿ, ಆ ಕಾವಿನಲ್ಲೇ ಸಾಯಿಸುತ್ತವೆ. ಒಳಗೆ ಸುಮಾರು 45 ಡಿಗ್ರಿ ದಾಟುತ್ತದೆ. ಜೇನು ಅದನ್ನು ತಡೆದುಕೊಳ್ಳುತ್ತದೆ, ಕಣಜಕ್ಕೆ ಆಗೋದಿಲ್ಲ.

ಮಾವು ಹೂ ಬಿಟ್ಟಾಗ ರಸ ಹೀರೋ ಜಿಗಿಹುಳುವಿಗೆ ಔಷಧಿ ಹೊಡಿ ಅನ್ನೋರು ಜಾಸ್ತಿ. ತುಂಬು ಹೂವಿನಲ್ಲಿ ನಾನು ರಾಸಾಯನಿಕ ಮುಟ್ಟೋದಿಲ್ಲ. ಆ ಹೂವಿಗೆ ಬರೋದು ಹೆಚ್ಚಾಗಿ ನೊಣ, ಮಿಸರಿ. ಅವು ಸತ್ತರೆ ಕಾಯಿ ಎಲ್ಲಿಂದ ಕಟ್ಟಬೇಕು? ಬೇಕೇ ಬೇಕು ಅನಿಸಿದರೆ ಬೇವಿನೆಣ್ಣೆ, ಅದೂ ಹೊತ್ತು ಮುಳುಗಿದ ಮೇಲೆ. 1990ರ ದಶಕದ ಶುರುವಿನಲ್ಲಿ ಜೇನಿನ ಮರಿಗಳನ್ನು ಕೊಲ್ಲೋ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದು ಇಲ್ಲಿನ ಜೇನು ಸಾಕುವ ಹಿರಿಯರಿಗೆ ಇನ್ನೂ ನೆನಪಿದೆ. ರೋಗ ನಮ್ಮ ಕೈಲಿಲ್ಲ, ಸ್ಪ್ರೇ ಪಂಪು ನಮ್ಮ ಕೈಲೇ ಇದೆ ಅಲ್ವಾ?

ಬೇಸಿಗೆಯಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಜೇನು ನೀರಿಗೆ ಬರುತ್ತದೆ, ಮಕ್ಕಳು ತುಳಿಯುತ್ತಾರೆ. ದೂರದಲ್ಲಿ ಒಂದು ತಟ್ಟೆಗೆ ಸಣ್ಣ ಕಲ್ಲು ಹಾಕಿ ನೀರು ಇಟ್ಟೆ. ಅಲ್ಲಿಗೇ ಹೋಗೋದು ರೂಢಿಯಾಯಿತು.

ಜೇನು ಕಚ್ಚಿದರೆ ಮುಳ್ಳು ಅಲ್ಲೇ ಉಳಿಯುತ್ತದೆ, ತಕ್ಷಣ ಉಗುರಿನಿಂದ ಕೆರೆದು ತೆಗೆಯಿರಿ. ಕಣಜ ಮುಳ್ಳು ಬಿಡೋದಿಲ್ಲ, ಮತ್ತೆ ಮತ್ತೆ ಚುಚ್ಚುತ್ತದೆ. ಮುಖ ಬಾತರೆ, ಉಸಿರು ಕಟ್ಟಿದರೆ ಸುಣ್ಣ ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಹೆಜ್ಜೇನು ಮರದಲ್ಲಿ ಕೂತಿದ್ದರೆ ಹೊಗೆ, ಪಟಾಕಿ ಏನೂ ಬೇಡ. ಅಟ್ಟಿಸಿಕೊಂಡು ಬಂದರೆ ನೀರಿಗೆ ಹಾರಬೇಡಿ, ಮೇಲೆದ್ದ ಕೂಡಲೇ ಮುತ್ತುತ್ತವೆ. ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳಿ.